ಜೀಪಿನ ಹಿಂದಿನ ಅಚ್ಚು: ಹಲ್ಲಿನ ಲೆಕ್ಕ ಮತ್ತು ನೊಗದ ನ್ಯಾಯ

ರೇಷ್ಮೆಗೂಡು ಬಿಡಿಸಿದ ರೈತನು ಬಹಳ ದಿನ ಕಾಯುವಂತಿಲ್ಲ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಪತಂಗವಾಗಿ, ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ಆಮೇಲೆ ಆ ಗೂಡಿನಿಂದ ಕಡಿಯದ ನೂಲು ಬಾರದು. ಆದುದರಿಂದ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊರಟ ವಾಹನವು ಕೆಸರಿನಲ್ಲಿ ಹೂತು ನಿಂತರೆ, ಒಂದು ಬೆಳೆಯ ದುಡಿಮೆಯೇ ಅಪಾಯಕ್ಕೆ ಸಿಕ್ಕಿದಂತಾಯಿತು.

ಹೀಗೆ ಒಮ್ಮೆ ಹೂತುಕೊಂಡ ಜೀಪಿನ ಕಥೆಯನ್ನು ನನ್ನಲ್ಲಿ ಭೌತವಿಜ್ಞಾನ ಓದಿದ್ದ ತರುಣನೊಬ್ಬನು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದು ಹೇಳಿದನು. ಅವರ ಊರು ಶಿಡ್ಲಘಟ್ಟ ತಾಲ್ಲೂಕಿನದು. ಮನೆಯಲ್ಲಿ ತಂದೆಯ ಕಾಲದ ಒಂದು ಹಳೆಯ ಪೆಟ್ರೋಲು ಜೀಪು ಉಂಟು. ಹಿಪ್ಪುನೇರಳೆ ಸೊಪ್ಪು, ಗೊಬ್ಬರ, ಗೂಡು, ಕೆಲವು ವೇಳೆ ಚಿಂತಾಮಣಿಗೆ ಹೋಗುವ ಟೊಮೇಟೊ ಬುಟ್ಟಿಗಳು, ಎಲ್ಲವೂ ಅದರಲ್ಲಿಯೇ ಸಾಗಬೇಕು. ಹೆದ್ದಾರಿಯಲ್ಲಿ ಅದು ಗರ್ಜಿಸುತ್ತದೆಯೇ ಹೊರತು ಓಡುವುದಿಲ್ಲವೆಂಬುದು ಒಂದು ದೂರು. ಕೆರೆಯಂಗಳದ ದಾರಿಯಲ್ಲಿ ಒಂದು ಗಾಲಿ ಸುಮ್ಮನೆ ಸುತ್ತಿ ಹೂತುಹೋಗುತ್ತದೆಂಬುದು ಇನ್ನೊಂದು. ರಿಪೇರಿಯವನೊಬ್ಬನು ಎರಡಕ್ಕೂ ಮದ್ದು ಹೇಳಿದ್ದನಂತೆ.

“ಹಿಂದಿನ ಕ್ರೌನ್ ಪಿನಿಯನ್ ಬದಲಾಯಿಸಿ ೪.೮೮ ಹಾಕೋಣ, ಸ್ಪೀಡು ಬರುತ್ತೆ ಅಂತಾರೆ ಸಾರ್. ಡಿಫರೆನ್ಷಿಯಲ್ಲಿಗೆ ವೆಲ್ಡಿಂಗ್ ಹೊಡೆದುಬಿಟ್ಟರೆ ಒಂದೇ ಗಾಲಿ ಸುತ್ತೋದು ನಿಂತುಹೋಗುತ್ತಂತೆ. ಮಾಡಿಸಲೇ? ನಮ್ಮಪ್ಪ ನಿಮ್ಮನ್ನು ಕೇಳಿಕೊಂಡು ಬಾ ಅಂದರು.”

“ದುಡ್ಡು ಕೊಟ್ಟುಬಿಟ್ಟಿದ್ದೀಯೇನಪ್ಪಾ?” ಎಂದೆ. ಇಲ್ಲವೆಂದನು. ಹಾಗಾದರೆ ಮೊದಲು ಲೆಕ್ಕ ಮಾಡೋಣವೆಂದು ಕಾಗದ ತೆಗೆದುಕೊಂಡೆವು. ಆ ಲೆಕ್ಕವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಜೀಪು, ಕಾರು, ಟ್ರಾಕ್ಟರು, ಲಾರಿ, ಯಾವುದಾದರೂ ಸರಿ, ಹಿಂದಿನ ಅಚ್ಚಿನ ವಿಷಯದಲ್ಲಿ ನ್ಯಾಯವು ಒಂದೇ.

ಹಲ್ಲುಗಳ ಲೆಕ್ಕ

ಎಂಜಿನಿನ ತಿರುಗಾಟವು ಗೇರುಪೆಟ್ಟಿಗೆಯನ್ನು ದಾಟಿ ಒಂದು ಉದ್ದನೆಯ ದಂಡದ ಮೂಲಕ ಹಿಂದಿನ ಅಚ್ಚಿಗೆ ಬರುತ್ತದೆ. ದಂಡದ ತುದಿಯಲ್ಲಿ ಒಂದು ಚಿಕ್ಕ ಹಲ್ಲುಚಕ್ರವಿದೆ, ಅದೇ ಪಿನಿಯನ್. ಅದು ಅಡ್ಡಲಾಗಿ ಕುಳಿತ ಒಂದು ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ, ಅದು ಕ್ರೌನ್. ಈ ಜೀಪಿನ ಪಿನಿಯನ್ನಿನಲ್ಲಿ ೮ ಹಲ್ಲು, ಕ್ರೌನಿನಲ್ಲಿ ೪೩ ಹಲ್ಲು. ಪಿನಿಯನ್ ೪೩ ಸುತ್ತು ತಿರುಗಿದಾಗ ಕ್ರೌನ್ ೮ ಸುತ್ತು ತಿರುಗುತ್ತದೆ. ೪೩ನ್ನು ೮ರಿಂದ ಭಾಗಿಸಿದರೆ ೫.೩೭೫. ಇದನ್ನೇ ೫.೩೮ರ ಅಚ್ಚು ಎನ್ನುತ್ತಾರೆ. ೩೯ ಹಲ್ಲಿನ ಕ್ರೌನಿಗೆ ೮ ಹಲ್ಲಿನ ಪಿನಿಯನ್ ಸೇರಿದರೆ ೪.೮೭೫, ಅದು ೪.೮೮ರ ಅಚ್ಚು.

ಹಲ್ಲುಗಳ ಸಂಖ್ಯೆಯನ್ನು ೪೦ಕ್ಕೆ ೮ ಎಂದು ಸಮವಾಗಿ ಏಕಿಡಲಿಲ್ಲವೆಂದು ವಾಚಕರು ಕೇಳಬಹುದು. ಹಾಗಿಟ್ಟರೆ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಅವೇ ಐದು ಹಲ್ಲುಗಳನ್ನು ಮತ್ತೆ ಮತ್ತೆ ಉಜ್ಜುತ್ತದೆ. ೪೩ಕ್ಕೂ ೮ಕ್ಕೂ ಸಾಮಾನ್ಯ ಅಪವರ್ತನವಿಲ್ಲದಿರುವುದರಿಂದ ಪ್ರತಿಯೊಂದು ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನೂ ಸರದಿಯಂತೆ ಮುಟ್ಟುತ್ತದೆ. ಸವೆತವು ಸಮನಾಗಿ ಹಂಚಿಹೋಗುತ್ತದೆ. ಕ್ರೌನ್ ಮತ್ತು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಒಟ್ಟಿಗೆ ಉಜ್ಜಿ ಜೋಡಿಮಾಡಿರುತ್ತಾರೆ. ಆದುದರಿಂದ ಬದಲಾಯಿಸುವುದಾದರೆ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಒಂದು ಹಳೆಯದು ಒಂದು ಹೊಸದು ಹೊಂದುವುದಿಲ್ಲ.

ಈಗ ವೇಗದ ಲೆಕ್ಕ. ಈ ಜೀಪಿನ ಟೈರು ಒಂದು ಸುತ್ತು ಉರುಳಿದರೆ ಸುಮಾರು ೨.೨ ಮೀಟರು ದೂರ ಸಾಗುತ್ತದೆ. ಮೇಲಿನ ಗೇರಿನಲ್ಲಿ ಎಂಜಿನು ಮತ್ತು ದಂಡ ಒಂದೇ ವೇಗದಲ್ಲಿ ತಿರುಗುತ್ತವೆ. ಎಂಜಿನು ನಿಮಿಷಕ್ಕೆ ೨,೦೦೦ ಸುತ್ತು ತಿರುಗಿದರೆ, ೫.೩೮ರ ಅಚ್ಚಿನಲ್ಲಿ ಗಾಲಿ ೩೭೨ ಸುತ್ತು ತಿರುಗುತ್ತದೆ. ಗಾಡಿ ಗಂಟೆಗೆ ೪೯ ಕಿಲೊಮೀಟರು ಹೋಗುತ್ತದೆ. ೪.೮೮ರ ಅಚ್ಚಿನಲ್ಲಾದರೆ ಗಂಟೆಗೆ ೫೪ ಕಿಲೊಮೀಟರು. ಬೇರೆ ರೀತಿಯಲ್ಲಿ ಹೇಳುವುದಾದರೆ, ಹೆದ್ದಾರಿಯಲ್ಲಿ ಗಂಟೆಗೆ ೬೫ ಕಿಲೊಮೀಟರು ಹೋಗಲು ಎಂಜಿನು ೨,೬೫೦ ಸುತ್ತು ತಿರುಗಬೇಕಾದಲ್ಲಿ ೨,೪೦೦ ಸುತ್ತು ತಿರುಗಿದರೆ ಸಾಕು. ಗರ್ಜನೆ ಕಡಿಮೆಯಾಗುತ್ತದೆ, ಎಂಜಿನಿನ ಸವೆತವೂ ಕಡಿಮೆಯಾಗುತ್ತದೆ. ರಿಪೇರಿಯವನು ಸುಳ್ಳು ಹೇಳಿರಲಿಲ್ಲ. ಆದರೆ ಅರ್ಧವನ್ನು ಮಾತ್ರ ಹೇಳಿದ್ದನು.

ಏರಿನಲ್ಲಿ ತೆರಬೇಕಾದ ಬೆಲೆ

ಹಲ್ಲುಚಕ್ರವು ಬಲವನ್ನು ಹುಟ್ಟಿಸುವುದಿಲ್ಲ, ವಿನಿಮಯ ಮಾಡುತ್ತದೆ. ತಿರುಗುವ ವೇಗವನ್ನು ಕೊಟ್ಟು ತಿರುಗಿಸುವ ಬಲವನ್ನು ಪಡೆಯಬಹುದು. ಬಲವನ್ನು ಕೊಟ್ಟು ವೇಗವನ್ನು ಪಡೆಯಬಹುದು. ಎರಡನ್ನೂ ಒಟ್ಟಿಗೆ ಪಡೆಯಲಾಗದು, ಏಕೆಂದರೆ ಅವೆರಡರ ಗುಣಲಬ್ಧವೇ ಎಂಜಿನಿನ ಸಾಮರ್ಥ್ಯ. ಅದು ಹಿಂದಿನ ಅಚ್ಚಿನಲ್ಲಿ ಹೆಚ್ಚುವುದಿಲ್ಲ.

ಈ ಜೀಪಿನ ಎಂಜಿನು ನಿಮಿಷಕ್ಕೆ ೨,೦೦೦ ಸುತ್ತಿನ ಆಸುಪಾಸಿನಲ್ಲಿ ಸುಮಾರು ೧೫೦ ನ್ಯೂಟನ್-ಮೀಟರು ತಿರುಗುಬಲವನ್ನು ಕೊಡುತ್ತದೆಂದು ಇಟ್ಟುಕೊಳ್ಳೋಣ. ೫.೩೭೫ರಿಂದ ಗುಣಿಸಿ, ಗಾಲಿಯ ತ್ರಿಜ್ಯವಾದ ೦.೩೫ ಮೀಟರಿನಿಂದ ಭಾಗಿಸಿ, ಹಲ್ಲು ಮತ್ತು ಬೇರಿಂಗುಗಳಲ್ಲಿ ನೂರಕ್ಕೆ ೧೫ ಪಾಲು ಕಳೆದುಹೋಗುವುದೆಂದು ತೆಗೆದುಹಾಕಿದರೆ, ಮೇಲಿನ ಗೇರಿನಲ್ಲಿ ಗಾಲಿಗಳು ನೆಲವನ್ನು ತಳ್ಳುವ ಬಲ ೧,೯೬೦ ನ್ಯೂಟನ್. ೪.೮೮ರ ಅಚ್ಚಿನಲ್ಲಿ ಅದು ೧,೭೮೦ ನ್ಯೂಟನ್.

ಹೊರೆಸಹಿತ ಗಾಡಿಯ ತೂಕ ೧,೫೦೦ ಕಿಲೊಗ್ರಾಮು. ಅದು ಹತ್ತಡಿಗೆ ಒಂದಡಿಯಂತೆ ಏರುವ ದಾರಿಗೆ ಬಂದಿತೆನ್ನಿ. ಏರನ್ನು ಗೆಲ್ಲಲು ೧,೪೭೦ ನ್ಯೂಟನ್, ಟೈರು ಉರುಳುವುದಕ್ಕೆ ಸುಮಾರು ೨೯೦, ಗಾಳಿಯ ತಡೆಗೆ ಸುಮಾರು ೧೫೦. ಒಟ್ಟು ೧,೯೧೦ ನ್ಯೂಟನ್ ಬೇಕು. ಹಳೆಯ ಅಚ್ಚಿನ ಗಾಡಿ ಮೇಲಿನ ಗೇರಿನಲ್ಲಿಯೇ ಗಂಟೆಗೆ ೪೯ ಕಿಲೊಮೀಟರಿನಂತೆ ಹತ್ತಿಬಿಡುತ್ತದೆ. ಹೊಸ ಅಚ್ಚಿನದು ಹತ್ತಲಾರದೆ ಎರಡನೆಯ ಗೇರಿಗೆ ಇಳಿಯುತ್ತದೆ. ಈ ಜೀಪಿಗೆ ಇರುವುದು ಮೂರೇ ಗೇರು. ಎರಡನೆಯದರ ಪ್ರಮಾಣ ೧.೫೫. ಎಂಜಿನಿನ ಅದೇ ೨,೦೦೦ ಸುತ್ತಿಗೆ ಗಾಡಿಯ ವೇಗವೀಗ ಗಂಟೆಗೆ ೩೫ ಕಿಲೊಮೀಟರು. ಸಮತಟ್ಟಿನಲ್ಲಿ ೫ ಕಿಲೊಮೀಟರು ಗಳಿಸಿದವನು ಏರಿನಲ್ಲಿ ೧೪ ಕಿಲೊಮೀಟರು ಕಳೆದುಕೊಂಡನು.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಈ ಜೀಪಿನಲ್ಲಿ ವೇಗ ತೋರಿಸುವ ಮೀಟರು ಹಿಂದಿನ ಅಚ್ಚಿಗಿಂತ ಮೊದಲೇ, ದಂಡದ ತಿರುಗಾಟವನ್ನು ಎಣಿಸುತ್ತದೆ. ಅಚ್ಚಿನ ಹಲ್ಲು ಬದಲಾದ ಸುದ್ದಿ ಅದಕ್ಕೆ ತಿಳಿಯದು. ಅದು ೫೦ ತೋರಿಸುವಾಗ ಗಾಡಿ ನಿಜವಾಗಿ ೫೫ರಲ್ಲಿ ಓಡುತ್ತಿರುತ್ತದೆ. ಹಳೆಯ ಬ್ರೇಕಿನ ಗಾಡಿಗೆ ಇದು ಸಣ್ಣ ವಿಷಯವಲ್ಲ.

ಒಂದೇ ಗಾಡಿ, ಎರಡು ಕೆಲಸ

ಇಲ್ಲಿ ಸ್ವಲ್ಪ ಇತಿಹಾಸವನ್ನು ನೋಡುವುದು ಒಳ್ಳೆಯದು. ಎರಡನೆಯ ಮಹಾಯುದ್ಧದಲ್ಲಿ, ೧೯೪೧ರಿಂದ ೧೯೪೫ರವರೆಗೆ, ಅಮೆರಿಕದ ವಿಲ್ಲಿಸ್ ಸಂಸ್ಥೆಯು ಸೈನ್ಯಕ್ಕಾಗಿ ತಯಾರಿಸಿದ ಜೀಪಿನ ಅಚ್ಚು ೪.೮೮ರದು. ಯುದ್ಧ ಮುಗಿದ ಮೇಲೆ, ೧೯೪೫ರಲ್ಲಿ, ಅದೇ ಸಂಸ್ಥೆಯು ನಾಗರಿಕರಿಗಾಗಿ ಸಿಜೆ-೨ಎ ಎಂಬ ಜೀಪನ್ನು ಹೊರತಂದಿತು. ಅದನ್ನು ಮುಖ್ಯವಾಗಿ ರೈತರಿಗೆ, ಹೊಲದ ಕೆಲಸಕ್ಕೆ ಒದಗುವ ಗಾಡಿಯೆಂದು ಮಾರಿದರು. ಆಗ ಅಚ್ಚಿನ ಪ್ರಮಾಣವನ್ನು ೫.೩೮ಕ್ಕೆ ಏರಿಸಿದರು. ನಾಲ್ಕು ಗಾಲಿಗೂ ಶಕ್ತಿ ಹಂಚುವ ಪೆಟ್ಟಿಗೆಯ ಇಳಿಗೇರನ್ನೂ ೧.೯೭ರಿಂದ ೨.೪೩ಕ್ಕೆ ಏರಿಸಿದರು. ಎಂಜಿನಿನ ಅಳತೆ ಬದಲಾಗಲಿಲ್ಲ; ಗಾಡಿ ಮಾಡಬೇಕಾದ ಕೆಲಸ ಬದಲಾಯಿತು. ಹಲ್ಲುಗಳು ಆ ಕೆಲಸವನ್ನು ಅನುಸರಿಸಿದವು.

೧೯೫೩ರಲ್ಲಿ ಬಂದ ಸಿಜೆ-೩ಬಿ ಜೀಪಿಗೂ ಅಚ್ಚು ೫.೩೮ರದೇ. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯು ಪರವಾನಗಿ ಪಡೆದು ದಶಕಗಳ ಕಾಲ ತಯಾರಿಸಿದ್ದು ಈ ಮಾದರಿಯನ್ನೇ. ತರುಣನ ಮನೆಯ ಜೀಪೂ ಅದೇ ಕುಲದ್ದು.

ಅಮೆರಿಕದ ಇನ್ನೊಂದು ಬಗೆಯ ವಾಹನಗಳನ್ನು ನೋಡಿದರೆ ಈ ಮಾತು ಮತ್ತಷ್ಟು ಸ್ಪಷ್ಟವಾಗುತ್ತದೆ. ೧೯೬೪ರಲ್ಲಿ ಪಾಂಟಿಯಾಕ್ ಜಿಟಿಓ ಬಂದ ಮೇಲೆ, ಸಾಧಾರಣ ಗಾತ್ರದ ಕಾರಿಗೆ ಬಹು ದೊಡ್ಡ ಎಂಜಿನು ಕೂಡಿಸಿದ ‘ಮಸಲ್ ಕಾರು’ಗಳು ಅಲ್ಲಿ ಜನಪ್ರಿಯವಾದವು. ಅಂಥ ಕಾರನ್ನು ಕೊಳ್ಳುವವನು ಬಣ್ಣದಂತೆ ಅಚ್ಚಿನ ಪ್ರಮಾಣವನ್ನೂ ಆರಿಸಿಕೊಳ್ಳಬಹುದಾಗಿತ್ತು. ದೂರದ ಊರುಗಳಿಗೆ ಓಡಾಡುವವನಿಗೆ ೩.೦೮ರಂಥ ಚಿಕ್ಕ ಸಂಖ್ಯೆ. ಕಾಲು ಮೈಲಿಯ, ಎಂದರೆ ೪೦೨ ಮೀಟರಿನ, ನೇರ ಪಂದ್ಯದಲ್ಲಿ ನಿಂತಲ್ಲಿಂದ ನೆಗೆಯಬೇಕಾದವನಿಗೆ ೪.೧೦ರಂಥ ದೊಡ್ಡ ಸಂಖ್ಯೆ. ಎರಡರ ನಡುವೆ ಅಲೆದಾಡುವವನಿಗೆ ೩.೫೫ ಅಥವಾ ೩.೭೩. ಇಂದು ಅಂಥ ಹಳೆಯ ಕಾರುಗಳನ್ನು ದುರಸ್ತಿಮಾಡಿ ಓಡಿಸುವ ಹವ್ಯಾಸಿಗಳು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ಈ ಗಾಡಿ ಹೆಚ್ಚು ಹೊತ್ತು ಓಡುವುದು ಎಲ್ಲಿ?

ನೊಗದ ನ್ಯಾಯ

ಇನ್ನು ಎರಡನೆಯ ದೂರಿಗೆ ಬರೋಣ. ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಎರಡು ಗಾಲಿಗಳೂ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಇಕ್ಕಟ್ಟಾದ ಓಣಿಯಲ್ಲಿ ಗಾಡಿಯನ್ನು ತಿರುಗಿಸುವಾಗ ಒಳಗಾಲಿ ಬಹುಮಟ್ಟಿಗೆ ನಿಂತಲ್ಲೇ ನಿಂತು, ಹೊರಗಾಲಿ ಸುತ್ತುಹೊಡೆಯುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ತೊಡಕಿಲ್ಲ, ಏಕೆಂದರೆ ಎಳೆಯುವುದು ಎತ್ತು, ಗಾಲಿಯಲ್ಲ. ಮೋಟಾರು ವಾಹನದಲ್ಲಿ ಗಾಲಿಯೇ ತಳ್ಳಬೇಕು. ಎರಡು ಗಾಲಿಗಳಿಗೂ ಬಲ ಕೊಡಬೇಕು. ಆದರೂ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡಬೇಕು.

ನಂದಿಬೆಟ್ಟದ ದಾರಿಯ ಒಂದು ಹಿಮ್ಮುರಿ ತಿರುವನ್ನು ತೆಗೆದುಕೊಳ್ಳಿ. ಗಾಡಿ ಅರ್ಧವೃತ್ತ ಸುತ್ತುತ್ತದೆ. ಜೀಪಿನ ಎರಡು ಗಾಲಿಗಳ ನಡುವಣ ಅಂತರ ೧.೨೩ ಮೀಟರು. ಹೊರಗಾಲಿ ಒಳಗಾಲಿಗಿಂತ ೩.೧೪ ಗುಣಿಸು ೧.೨೩, ಎಂದರೆ ಸುಮಾರು ೩.೯ ಮೀಟರು ಹೆಚ್ಚು ದೂರ ಸಾಗಬೇಕು. ತಿರುವು ದೊಡ್ಡದಾಗಿರಲಿ ಚಿಕ್ಕದಾಗಿರಲಿ, ಅರ್ಧಸುತ್ತಿಗೆ ಈ ವ್ಯತ್ಯಾಸ ಇಷ್ಟೇ ಎಂಬುದು ಒಂದು ಸ್ವಾರಸ್ಯ. ತ್ರಿಜ್ಯವು ಲೆಕ್ಕದಲ್ಲಿ ಹೊಡೆದುಹೋಗುತ್ತದೆ. ಗಾಲಿಯ ಸುತ್ತಿನಲ್ಲಿ ಹೇಳುವುದಾದರೆ ಇದು ಒಂದೂ ಮುಕ್ಕಾಲು ಸುತ್ತು.

ಈ ವ್ಯತ್ಯಾಸಕ್ಕೆ ಅವಕಾಶ ಕೊಡುವ ಸಾಧನವೇ ಡಿಫರೆನ್ಷಿಯಲ್. ೧೮೨೦ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ಎಂಬಾತನು ಉಗಿಬಂಡಿಗಾಗಿ ಇದನ್ನು ರೂಪಿಸಿದನು. ಇದರ ತತ್ತ್ವವನ್ನು ತಿಳಿಯಲು ನಮಗೆ ನೇಗಿಲಿನ ನೊಗವೇ ಸಾಕು. ನೊಗದ ಎರಡು ತುದಿಗಳಲ್ಲಿ ಎರಡು ಎತ್ತು. ನಡುವೆ ಮಿಣಿಯಿಂದ ಬಿಗಿದ ನೇಗಿಲು. ಒಂದು ಎತ್ತು ಒಂದು ಗೇಣು ಮುಂದಾದರೆ ನೊಗ ಓರೆಯಾಗುತ್ತದೆ, ನೇಗಿಲು ಎರಡರ ಸರಾಸರಿಯಷ್ಟು ಸಾಗುತ್ತದೆ. ಆದರೆ ನಡುವೆ ಕಟ್ಟಿದ ನೊಗವು ಎರಡು ತುದಿಗಳ ಎಳೆತವನ್ನೂ ಸಮನಾಗಿಯೇ ಇಡುತ್ತದೆ. ಒಂದು ಎತ್ತು ಎಳೆಯುವುದನ್ನು ಬಿಟ್ಟರೆ, ಇನ್ನೊಂದು ಎಷ್ಟೇ ಬಲವಾಗಿದ್ದರೂ ನೊಗ ಸುತ್ತಿಕೊಳ್ಳುತ್ತದೆಯೇ ಹೊರತು ನೇಗಿಲು ಮುಂದೆ ಬಾರದು.

ಡಿಫರೆನ್ಷಿಯಲ್ಲಿನಲ್ಲಿ ಕ್ರೌನ್ ನೇಗಿಲಿನ ಸ್ಥಾನದಲ್ಲಿದೆ. ಅದರೊಡನೆ ತಿರುಗುವ ಚಿಕ್ಕ ಹಲ್ಲುಚಕ್ರಗಳು ನೊಗ. ಎರಡು ಗಾಲಿಗಳು ಎತ್ತುಗಳು. ವೇಗ ಬೇರೆಯಾಗಬಹುದು, ಬಲ ಮಾತ್ರ ಸಮಪಾಲು. ಇದು ತಿರುವಿನಲ್ಲಿ ವರ, ಕೆಸರಿನಲ್ಲಿ ಶಾಪ.

ಕೆಸರಿನ ಲೆಕ್ಕ

ನಮ್ಮ ಜೀಪಿನ ಹಿಂದಿನ ಅಚ್ಚಿನ ಮೇಲೆ ೮೫೦ ಕಿಲೊಗ್ರಾಮು, ಮುಂದಿನದರ ಮೇಲೆ ೬೫೦ ಕಿಲೊಗ್ರಾಮು ಭಾರವಿದೆಯೆಂದು ಇಟ್ಟುಕೊಳ್ಳೋಣ. ಎಡಗಾಲಿಗಳು ಕೆರೆಯ ಜೇಡಿಯಲ್ಲಿ, ಬಲಗಾಲಿಗಳು ಗಟ್ಟಿ ನೆಲದಲ್ಲಿ. ಜೇಡಿಯಲ್ಲಿ ಘರ್ಷಣೆಯ ಗುಣಕ ೦.೧, ಗಟ್ಟಿ ನೆಲದಲ್ಲಿ ೦.೬ ಎಂದಿರಲಿ. ಹಿಂದಿನ ಎಡಗಾಲಿ ಹಿಡಿಯಬಲ್ಲ ಬಲ ೪೨೦ ನ್ಯೂಟನ್. ಬಲಗಾಲಿ ಹಿಡಿಯಬಲ್ಲದ್ದು ೨,೫೦೦. ಆದರೆ ನೊಗದ ನ್ಯಾಯದಂತೆ ಬಲಗಾಲಿಗೂ ೪೨೦ ನ್ಯೂಟನ್ನೇ ಸಿಗುತ್ತದೆ. ಒಟ್ಟು ೮೪೦. ಕೆಸರಿನಿಂದ ಏಳಲು ಬೇಕಾದದ್ದು ಸುಮಾರು ೧,೧೮೦ ನ್ಯೂಟನ್. ಗಾಡಿ ಏಳುವುದಿಲ್ಲ. ಎಂಜಿನನ್ನು ಎಷ್ಟು ಗರ್ಜಿಸಿದರೂ ಎಡಗಾಲಿ ಗುಂಡಿ ತೋಡುತ್ತದೆ, ಅಷ್ಟೆ. ಇಲ್ಲಿ ೫.೩೮ ಆಗಲಿ ೪.೮೮ ಆಗಲಿ ಏನೂ ಮಾಡಲಾರದು. ಕೊರತೆಯಿರುವುದು ನೆಲದ ಹಿಡಿತದಲ್ಲಿ.

ಇದಕ್ಕೆ ಉಪಾಯಗಳು ಮೂರು. ಮೊದಲನೆಯದು ಎರಡು ಗಾಲಿಗಳನ್ನೂ ಪೂರ್ತಿ ಬಂಧಿಸುವುದು. ಆಗ ೪೨೦ ಮತ್ತು ೨,೫೦೦ ಸೇರಿ ೨,೯೨೦ ನ್ಯೂಟನ್ ದೊರೆಯುತ್ತದೆ. ಅನೇಕ ಟ್ರಾಕ್ಟರುಗಳಲ್ಲಿ ಇದಕ್ಕೆಂದೇ ಕಾಲಿನಿಂದ ಒತ್ತುವ ಪೆಡಲಿದೆ. ನೇರವಾಗಿ ಸಾಗುವಾಗ ಮಾತ್ರ ಅದನ್ನು ಒತ್ತಿ, ತಿರುಗುವ ಮೊದಲು ಬಿಟ್ಟುಬಿಡಬೇಕು. ವೆಲ್ಡಿಂಗ್ ಹೊಡೆದ ಡಿಫರೆನ್ಷಿಯಲ್ಲೂ ಇದೇ ಕೆಲಸ ಮಾಡುತ್ತದೆ, ಆದರೆ ಅದನ್ನು ಬಿಡುವಂತಿಲ್ಲ. ಪ್ರತಿ ಹಿಮ್ಮುರಿ ತಿರುವಿನಲ್ಲಿಯೂ ಆ ೩.೯ ಮೀಟರನ್ನು ಟೈರು ಡಾಂಬರಿನ ಮೇಲೆ ಉಜ್ಜಿ ತೀರಿಸಬೇಕು. ಅಚ್ಚಿನ ದಂಡಗಳು ತಿರುಚಿಕೊಳ್ಳುತ್ತವೆ. ಗಾಡಿ ಚುಕ್ಕಾಣಿಯ ಮಾತು ಕೇಳದೆ ನೇರಕ್ಕೆ ತಳ್ಳುತ್ತದೆ. ಮಳೆಯಲ್ಲಿ ಬೆಟ್ಟದಿಂದ ಇಳಿಯುವಾಗ ಹೀಗಾದರೆ ನಷ್ಟವು ಟೈರಿಗೇ ಸೀಮಿತವಾಗಿರುವುದಿಲ್ಲ.

ಎರಡನೆಯದು ಜಾರುವಿಕೆಗೆ ಮಿತಿಯಿಟ್ಟ ಡಿಫರೆನ್ಷಿಯಲ್. ಇದರೊಳಗೆ ಸ್ಪ್ರಿಂಗುಗಳಿಂದ ಒತ್ತಲ್ಪಟ್ಟ ಘರ್ಷಣೆಯ ಬಿಲ್ಲೆಗಳಿರುತ್ತವೆ. ಒಂದು ಗಾಲಿ ಓಡತೊಡಗಿದರೆ ಬಿಲ್ಲೆಗಳು ಅದನ್ನು ತಡೆದು, ನಿಂತ ಗಾಲಿಗೆ ಹೆಚ್ಚು ಬಲವನ್ನು ಸಾಗಿಸುತ್ತವೆ. ನಿಂತ ಗಾಲಿಗೆ ಎರಡೂವರೆಪಟ್ಟು ಬಲ ಸಾಗಿತೆಂದರೆ ೪೨೦ ಮತ್ತು ೧,೦೫೦ ಸೇರಿ ೧,೪೭೦ ನ್ಯೂಟನ್, ಗಾಡಿ ಏಳುತ್ತದೆ. ಅಮೆರಿಕದಲ್ಲಿ ಪ್ಯಾಕಾರ್ಡ್ ಕಾರುಗಳು ೧೯೫೬ರಲ್ಲಿ ಇದನ್ನು ತಂದವು. ಮಾರನೆಯ ವರ್ಷ ಷೆವರ್ಲೆಯಲ್ಲಿ ಪಾಸಿಟ್ರಾಕ್ಷನ್ ಎಂಬ ಹೆಸರಿನಿಂದ ಬಂದಿತು. ಆದರೆ ಬಿಲ್ಲೆಗಳು ಸವೆಯುತ್ತವೆ, ಇವಕ್ಕೆ ಹೊಂದುವ ಎಣ್ಣೆಯನ್ನೇ ಹಾಕಬೇಕು.

ಮೂರನೆಯದು ಮುಂದಿನ ಅಚ್ಚನ್ನೂ ದುಡಿಮೆಗೆ ಹಚ್ಚುವುದು. ನಮ್ಮ ಲೆಕ್ಕದಲ್ಲಿ ಮುಂದಿನ ಎಡಗಾಲಿಯ ಹಿಡಿತ ೩೨೦ ನ್ಯೂಟನ್, ಬಲಗಾಲಿಗೂ ಅಷ್ಟೇ. ಹಿಂದಿನ ೮೪೦ಕ್ಕೆ ಈ ೬೪೦ ಸೇರಿದರೆ ೧,೪೮೦. ಎಡಗಡೆಯ ಎರಡು ಗಾಲಿಗಳೂ ಜೇಡಿಯಲ್ಲಿದ್ದಾಗಲೂ ಗಾಡಿ ಎದ್ದುಬರುತ್ತದೆ.

“ನಿಮ್ಮ ಜೀಪಿಗೆ ನಾಲ್ಕು ಗಾಲಿಯ ಎಳೆತ ಇರಬೇಕಲ್ಲಪ್ಪಾ?” ಎಂದು ಕೇಳಿದೆ.

“ಮುಂದಿನ ಶಾಫ್ಟನ್ನು ಬಿಚ್ಚಿ ಇಟ್ಟಿದೆ ಸಾರ್. ಪೆಟ್ರೋಲು ಉಳಿಯುತ್ತೆ ಅಂತ ಬಹಳ ಹಿಂದೆಯೇ ತೆಗೆಸಿದರಂತೆ. ದನದ ಕೊಟ್ಟಿಗೆಯ ಅಟ್ಟದ ಮೇಲಿದೆ.”

ಅರ್ಧ ಉತ್ತರ ಕೊಟ್ಟಿಗೆಯ ಅಟ್ಟದಲ್ಲಿಯೇ ಇತ್ತು! ಆ ದಂಡವನ್ನು ಮತ್ತೆ ಜೋಡಿಸಿದರೆ ಕೆಸರಿನ ದೂರಿಗೆ ಪರಿಹಾರ ಸಿಗುತ್ತದೆ. ಆದರೆ ಆಗ ಹಿಂದಿನ ಅಚ್ಚನ್ನು ಮಾತ್ರ ೪.೮೮ಕ್ಕೆ ಬದಲಾಯಿಸುವ ಮಾತನ್ನು ಬಿಟ್ಟುಬಿಡಬೇಕು. ನಾಲ್ಕು ಗಾಲಿಗೂ ಎಳೆತ ಕೊಟ್ಟಾಗ ಮುಂದಿನ ಮತ್ತು ಹಿಂದಿನ ದಂಡಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಮುಂದೆ ೫.೩೮, ಹಿಂದೆ ೪.೮೮ ಇದ್ದರೆ, ಮುಂದಿನ ಗಾಲಿ ೧೦೦ ಸುತ್ತು ತಿರುಗುವಾಗ ಹಿಂದಿನದು ೧೧೦ ಸುತ್ತು ತಿರುಗಲೆಳಸುತ್ತದೆ. ಗಾಡಿ ತನ್ನೊಡನೆ ತಾನೇ ಹೋರಾಡಿ, ಹಲ್ಲನ್ನೋ ದಂಡವನ್ನೋ ಮುರಿದುಕೊಳ್ಳುತ್ತದೆ. ಬದಲಾಯಿಸುವುದಾದರೆ ಎರಡು ಅಚ್ಚುಗಳನ್ನೂ ಬದಲಾಯಿಸಬೇಕು, ಖರ್ಚು ಇಮ್ಮಡಿ. ಪ್ರಮಾಣಗಳು ಸರಿಯಿದ್ದರೂ ಒಣಗಿದ ಡಾಂಬರು ರಸ್ತೆಯಲ್ಲಿ ಮುಂದಿನ ಎಳೆತವನ್ನು ಬಿಡಿಸಿಯೇ ಓಡಿಸಬೇಕು, ಏಕೆಂದರೆ ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ದಾರಿಯೂ ಬೇರೆ ಬೇರೆ.

ಒಂದು ಎಚ್ಚರಿಕೆ

ನೊಗದ ನ್ಯಾಯದಿಂದ ಹುಟ್ಟುವ ಇನ್ನೊಂದು ಅಪಾಯವನ್ನು ಹೇಳದಿರಲಾಗದು. ಈ ಹಳೆಯ ಜೀಪುಗಳ ಕೈಬ್ರೇಕು ಗಾಲಿಗಳನ್ನು ಹಿಡಿಯುವುದಿಲ್ಲ; ದಂಡವನ್ನು ಹಿಡಿಯುತ್ತದೆ. ಟೈರು ಬಿಚ್ಚಲೆಂದು ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದರೆ, ದಂಡವು ನಿಂತಿದ್ದರೂ, ಎತ್ತಿದ ಗಾಲಿ ಹಿಮ್ಮುಖವಾಗಿ ತಿರುಗುತ್ತ ನೆಲದ ಗಾಲಿಗೆ ಮುಂದೆ ಉರುಳಲು ಅವಕಾಶ ಕೊಡುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ಅಷ್ಟೇ. ಇಳಿಜಾರಿನಲ್ಲಿ ಗಾಡಿ ಜಾಕಿನಿಂದ ಜಾರಿ ಕೆಳಗಿದ್ದವನ ಮೇಲೆ ಬೀಳಬಹುದು. ನೆಲದ ಮೇಲಿರುವ ಗಾಲಿಗಳಿಗೆ ಎರಡು ಕಡೆಯೂ ಕಲ್ಲು ಕೊಡದೆ ಜಾಕಿಗೆ ಕೈಹಾಕಬಾರದು.

ಆಯ್ಕೆಯ ಕ್ರಮ

ಒಟ್ಟಿನಲ್ಲಿ ಅಚ್ಚನ್ನು ಆರಿಸುವವನು ಹೀಗೆ ವಿಚಾರಿಸಬೇಕು. ಗಾಡಿ ಎಷ್ಟು ಹೊರೆ ಹೊರುತ್ತದೆ? ಏರು ಹೆಚ್ಚೋ, ಸಮತಟ್ಟು ಹೆಚ್ಚೋ? ನಿತ್ಯ ಓಡುವ ವೇಗದಲ್ಲಿ ಎಂಜಿನು ತನ್ನ ಹದವಾದ ಸುತ್ತಿನಲ್ಲಿದೆಯೋ? ಟೈರಿನ ಅಳತೆ ಎಷ್ಟು? ದೊಡ್ಡ ಟೈರು ಹಾಕಿದರೂ ಅಚ್ಚಿನ ಸಂಖ್ಯೆಯನ್ನು ಇಳಿಸಿದಂತೆಯೇ ಸರಿ. ಇಷ್ಟನ್ನು ಲೆಕ್ಕಹಾಕಿದ ಮೇಲೆ ಹಲ್ಲಿನ ಪ್ರಮಾಣ ತಾನಾಗಿಯೇ ಗೊತ್ತಾಗುತ್ತದೆ. ಡಿಫರೆನ್ಷಿಯಲ್ಲಿನ ವಿಷಯದಲ್ಲಿ, ಹಿಡಿತ ತಪ್ಪುವುದು ಎಲ್ಲಿ, ಎಷ್ಟು ಸಲ ಎಂಬುದನ್ನು ನೋಡಬೇಕು. ವರ್ಷದಲ್ಲಿ ಹತ್ತು ದಿನ ಕೆಸರಿಗಿಳಿಯುವ ಗಾಡಿಯ ಅಚ್ಚನ್ನು ಮುನ್ನೂರೈವತ್ತೈದು ದಿನವೂ ಬಿಗಿದಿಡುವುದು ವಿವೇಕವಲ್ಲ.

ಗೂಡಿನಂಥ ಹಗುರ ಹೊರೆಯನ್ನು ಹೇರಿಕೊಂಡು ಬೆಂಗಳೂರಿನ ಹೆದ್ದಾರಿಯಲ್ಲೇ ನಿತ್ಯ ಓಡುವವನಿಗೆ ನಾನು ೪.೮೮ನ್ನು ಬೇಡವೆನ್ನುತ್ತಿರಲಿಲ್ಲ. ಗೊಬ್ಬರ ಹೊತ್ತು ಹೊಲಕ್ಕಿಳಿಯುವ, ಗೌರಿಬಿದನೂರಿನ ಕಡೆಗೆ ಹೋದರೆ ಉತ್ತರ ಪಿನಾಕಿನಿಯ ಮರಳನ್ನೂ ದಾಟಬೇಕಾಗಿ ಬರುವ ಜೀಪಿಗೆ ಮಾತ್ರ ಹಳೆಯ ಹಲ್ಲುಗಳೇ ಸರಿಯೆಂದು ತೋರಿತು. ತರುಣನು ಲೆಕ್ಕದ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ತಂದೆಗೆ ತೋರಿಸುತ್ತೇನೆಂದು ಹೊರಟನು. ಮುಂದಿನ ದಂಡವನ್ನು ಅಟ್ಟದಿಂದ ಇಳಿಸಿ, ಅದರ ಜಾಯಿಂಟುಗಳನ್ನು ಬದಲಾಯಿಸಿ ಜೋಡಿಸಿದರಂತೆ. ಹೆದ್ದಾರಿಯಲ್ಲಿ ಜೀಪು ಈಗಲೂ ಗರ್ಜಿಸುತ್ತದೆ. ಆದರೆ ಹಿಂದಿನ ಮಳೆಗಾಲದಲ್ಲಿ ಗೂಡು ಹೇರಿಕೊಂಡು ಕೆರೆಯಂಗಳವನ್ನು ದಾಟಿ, ಹರಾಜು ಆರಂಭವಾಗುವ ಮೊದಲೇ ಶಿಡ್ಲಘಟ್ಟವನ್ನು ಸೇರಿತೆಂದು ಅವನು ಹೇಳಿಕಳುಹಿಸಿದನು.